ಮಡಿವಾಳೆಪ್ಪನ ಎರಡನೇ ಹಾದಿ

ಬೈಲಹೊಂಗಲದಿಂದ ನೇಸರಗಿಗೆ ಹೋಗುವ ರಸ್ತೆಯ ಅಂಚಿನಲ್ಲಿ ಮಡಿವಾಳೆಪ್ಪನ ಹೋಸ್ಟಿಂಗ್ ಕಂಪನಿಯಿದೆ. ಸುತ್ತಲಿನ ಅಂಗಡಿ, ಶಾಲೆ, ಸಂಘಗಳ ವೆಬ್‌ಸೈಟುಗಳೆಲ್ಲ ಅವನ ಸರ್ವರುಗಳಲ್ಲೇ ವಾಸ. 'ಎಂದೂ ನಿಲ್ಲದ ಸೇವೆ' ಎಂದು ಬೋರ್ಡು ಬರೆಸಿ, ಅದಕ್ಕೆ ಹಗಲೂ ಉರಿಯುವ ದೀಪ ಹಾಕಿಸಿದ್ದಾನೆ.

ಮಡಿವಾಳೆಪ್ಪ ಕೆಟ್ಟವನೇನಲ್ಲ. ಕೆಟ್ಟವನಾಗುವುದಕ್ಕೂ ಸ್ವಲ್ಪ ಯೋಚನೆ ಮಾಡಬೇಕಾಗುತ್ತದೆ.

ಕಬ್ಬು ಬೆಳೆಗಾರರ ಸಂಘವೊಂದು ತನ್ನ ಕಟಾವಿನ ಸರದಿಯನ್ನು ಅವನ ಸರ್ವರಿನಲ್ಲಿಡಲು ಒಪ್ಪಿತು. ಷರತ್ತು ಒಂದೇ: ಇಂಟರ್‌ನೆಟ್ಟಿನ ಒಂದು ಹಾದಿ ಕೆಟ್ಟರೆ ಇನ್ನೊಂದು ಇರಬೇಕು. ಸರದಿ ಕಾಣದಿದ್ದರೆ ಕಟಾವಿನ ಗ್ಯಾಂಗು ಯಾರ ಹೊಲಕ್ಕೆ ಇಳಿಯಬೇಕೆಂದು ತಿಳಿಯದೆ ರಸ್ತೆಯಲ್ಲೇ ಕೂರುತ್ತದೆ. ಈ ಸಂಘ ಕೈಬಿಟ್ಟರೆ ಉಳಿದ ಗಿರಾಕಿಗಳೂ ಹಿಂದೆಯೇ ಹೊರಡುತ್ತಾರೆಂಬುದು ಮಡಿವಾಳೆಪ್ಪನಿಗೂ ಗೊತ್ತಿತ್ತು.

ಕಂಪನಿಯ ನೆಟ್‌ವರ್ಕ್ ನೋಡಿಕೊಳ್ಳುವ ಮಹಾನಂದಾ ನಕ್ಷೆ ಹಾಕಿದಳು. ಎರಡು ರೌಟರ್, ಎರಡು ಸ್ವಿಚ್, ಎರಡು ಯುಪಿಎಸ್, ಎರಡು ಬೇರೆ ಬೇರೆ ಕಂಪನಿಗಳ ಫೈಬರ್ ಕೇಬಲ್. ಒಂದು ನೇಸರಗಿ ಕಡೆಗೆ, ಇನ್ನೊಂದು ಕಿತ್ತೂರಿನ ಹೆದ್ದಾರಿ ಕಡೆಗೆ. ಎಲ್ಲದಕ್ಕೂ ಆಡುತ್ತಿದ್ದ ಮಡಿವಾಳೆಪ್ಪನ ತಲೆ ಕಿತ್ತೂರಿನ ಗೆರೆ ಬಂದಾಗ ನಿಂತುಹೋಯಿತು.

"ಇದು ಯಾರ ಹೊಲದಾಗಿಂದ ಹೊಂಟೈತಿ?"

"ಶಟ್ಟೆಪ್ಪಣ್ಣಾರ ಬದುವಿನ ಗುಂಟ್ರಿ."

ಶಟ್ಟೆಪ್ಪ ಅವನ ದೊಡ್ಡಪ್ಪನ ಮಗ. ಆ ಬದು ಯಾರದೆಂಬ ಜಗಳದಲ್ಲಿ ಇಬ್ಬರೂ ಮಾತು ಬಿಟ್ಟು ವರ್ಷಗಳೇ ಆಗಿದ್ದವು. ಬದುವಿನ ಮೇಲೆ ಬೆಳೆಯುವುದು ಬರೀ ಕರಿಕೆ ಹುಲ್ಲು.

"ಆಂವನ್ನ ನಾ ಕೇಳಬೇಕ? ಎರಡೂ ನಮ್ಮ ಹೊಲದಾಗ ಹುಗಸು."

"ಅಣ್ಣಾರ, ಒಂದ ತಗ್ಗಿನ್ಯಾಗ ಎರಡೂ ಹುಗದ್ರ ಅದು ಒಂದ ಹಾದಿ ಆತಲ್ರಿ!"

"ಬಣ್ಣಾ ಬ್ಯಾರೆ ಅದಾವಲ್ಲ! ಒಂದು ಕರೇದು, ಒಂದು ಕಿತ್ತಳೀದು."

ಎರಡೂ ಒಂದೇ ತಗ್ಗಿನಲ್ಲಿ ಮಲಗಿದವು. ಸಂಘದವರನ್ನು ಕರೆದು, ಎರಡು ರೌಟರಿಗೆ ಎರಡು ಹಾರ ಹಾಕಿ, ಎರಡು ಕಾಯಿ ಒಡೆದ. ಸಂಘದವರೂ ಹಾರ ಎಣಿಸಿ ತೃಪ್ತರಾದರು, ತಗ್ಗು ಎಣಿಸಲಿಲ್ಲ. ನಮ್ಮ ಕಡೆ ಪರಿಶೀಲನೆ ಎಂದರೆ ಪೇಢೆ ತಿಂದು ಕೈ ಒರೆಸಿಕೊಳ್ಳುವುದು.

ಕಟಾವು ಶುರುವಾಯಿತು. ಆಗಲೇ ಮಡಿವಾಳೆಪ್ಪನಿಗೆ ಶಟ್ಟೆಪ್ಪನ ಹೊಲದ ನೀರು ತನ್ನ ಹೊಲಕ್ಕೆ ಬಸಿಯುತ್ತಿದೆ ಎಂಬ ಗುಮಾನಿ. ಅಡ್ಡ ಗಟಾರ ತೆಗೆಸಲು ಜೆಸಿಬಿ ಓಡಿಸುವ ಬಾಳುವನ್ನು ಕರೆಸಿದ.

"ಅಣ್ಣಾರ, ಕೆಳಗ ಏನರ ಐತೇನ್ರಿ?"

"ಮಣ್ಣ ಐತಿ. ತೋಡಲೇ!"

ಬಕೆಟ್ಟು ಮೇಲೆ ಬಂತು. ಹಲ್ಲುಗಳಿಗೆ ಕರಿಯದೂ ಕಿತ್ತಳೆಯದೂ ಒಂದಕ್ಕೊಂದು ತೆಕ್ಕೆ ಹಾಯ್ದು ನೇತಾಡುತ್ತಿದ್ದವು. ರಸ್ತೆಯಂಚಿನ ಬೋರ್ಡು ಮಾತ್ರ ಉರಿಯುತ್ತಲೇ ಇತ್ತು.

ಸರದಿ ಮಾಯವಾಯಿತು. ಎಂ.ಕೆ. ಹುಬ್ಬಳ್ಳಿಯ ಸಕ್ಕರೆ ಕಾರ್ಖಾನೆಗೆ ಕಬ್ಬು ಕಳಿಸಬೇಕಿದ್ದ ಸೀತವ್ವ ಆಫೀಸಿಗೇ ಬಂದಳು. "ಏನೋ ಮಡಿವಾಳೆಪ್ಪಾ, ಗ್ಯಾಂಗಿನವ್ರು ನನ್ನ ಹೆಸರ ಕಾಣವಲ್ದು ಅಂತಾರ. ನಿನ್ನ ಬೋರ್ಡ್ ಕಿತಗೊಂಡ ಹೋಗಿ ತೋರಸ್ಲ್ಯಾ?"

ಹಿಂದೆಯೇ ಸಂಘದ ಫೋನು: ಎರಡನೇ ಹಾದಿ ಖಾತ್ರಿ ಎಂಬ ಮಾತು ಇವತ್ತೇ ಬರದಿದ್ದರೆ ನಾವು ಬೇರೆ ಕಡೆ ಹೊರಟೆವು.

"ನಕ್ಷೆ ಹಾಕಿದಾಕಿ ಹುಡುಗಿರಿ, ಆಕೀಗೆ ತಿಳಿಲಿಲ್ಲ," ಎಂದ ಮಡಿವಾಳೆಪ್ಪ ಫೋನಿನಲ್ಲಿ, ಪಕ್ಕದಲ್ಲೇ ಆ ಹುಡುಗಿ ನಿಂತಿದ್ದಾಗ.

"ನನ್ನ ಗೆರಿ ಎಲ್ಲಿತ್ತು, ಸಂಘದವ್ರಿಗೆ ನಾನ ತೋರಸ್ಲೇನ್ರಿ?" ಎಂದಳು ಮಹಾನಂದಾ. "ಇಲ್ಲಂದ್ರ ನಡೀರಿ, ಶಟ್ಟೆಪ್ಪಣ್ಣಾರ ಮನಿಗೆ."

ಹೋದರು. ಶಟ್ಟೆಪ್ಪನ ಪಡಸಾಲೆಯಲ್ಲಿ ಅಣ್ಣ ಒಂದು ಕಡೆ, ತಮ್ಮ ಎದುರಿಗೆ, ನಡುವೆ ಮಹಾನಂದಾ. ಶಟ್ಟೆಪ್ಪನ ಹೆಂಡತಿ ಸಾವಿತ್ರೆವ್ವ ಚಹಾ ಇಟ್ಟು ಒಳಗೆ ಹೋದಳು.

ಮಡಿವಾಳೆಪ್ಪ ಗೋಡೆ ನೋಡುತ್ತ ಅಂದ: "ಮಹಾನಂದಾ, ಅವ್ರಿಗೆ ಹೇಳು, ಬದುವಿನ ಗುಂಟ ಒಂದು ಕೇಬಲ್ ಹಾಕೋದೈತಿ ಅಂತ."

ಶಟ್ಟೆಪ್ಪ ಚಹಾ ಊದುತ್ತ ಅಂದ: "ತಂಗೀ, ಅವ್ರನ್ನ ಕೇಳು, ಬದು ಯಾರದಂತ."

"ಹಳೇದೆಲ್ಲಾ ಈಗ್ಯಾಕ ಅಂತ ಹೇಳು."

"ಕೇಬಲ್ ಹೊಸಾದಾದ್ರೂ ಬದು ಹಳೇದ ಐತಿ ಅಂತ ಹೇಳು."

ಕೈ ಚಾಚಿದರೆ ಒಬ್ಬರ ಕಪ್ಪು ಇನ್ನೊಬ್ಬರಿಗೆ ಸಿಗುವಷ್ಟು ಹತ್ತಿರ ಕೂತವರ ಮಾತನ್ನು ಮಹಾನಂದಾ ಅತ್ತಿಂದಿತ್ತ ದಾಟಿಸಿದಳು. ಕೊನೆಗೆ ಕಪ್ಪು ಕೆಳಗಿಟ್ಟಳು.

"ನಿಮ್ಮಿಬ್ಬರ ನಡುವ ಇರೋ ಹಾದಿ ನಾ ಒಬ್ಬಾಕಿ. ನಾ ಎದ್ದ ಹೋದ್ರ ಇನ್ನೊಂದು ಎಲ್ಲೈತ್ರಿ?"

ಎದ್ದಳು. ಚಪ್ಪಲಿ ಮೆಟ್ಟಿಕೊಂಡು ಅಂಗಳಕ್ಕೆ ಹೋಗಿ ನಿಂತಳು.

ಮಡಿವಾಳೆಪ್ಪ ಬಾಗಿಲು ನೋಡಿದ, ಅವಳು ಬರಲಿಲ್ಲ. ಸಾವಿತ್ರೆವ್ವ ಬರಬಹುದೆಂದು ಅಡಿಗೆಮನೆ ಕಡೆ ನೋಡಿದ, ಆಕೆಯೂ ಬರಲಿಲ್ಲ. ಜೇಬಿನಲ್ಲಿ ಸಂಘದ ಫೋನು ರಿಂಗಾಗಿ, ನಿಂತು, ಮತ್ತೆ ರಿಂಗಾಗತೊಡಗಿತು.

"ಅಣ್ಣಾ... ಬದು ನಿಂದ."

"ಕೇಳ್ಸಲಿಲ್ಲ," ಎಂದ ಶಟ್ಟೆಪ್ಪ. "ಜೋರ್ ಹೇಳೋ. ಅಂಗಳದಾಗಿನ ಹುಡುಗಿಗೂ ಕೇಳ್ಲಿ."

ಮಡಿವಾಳೆಪ್ಪ ಜೋರಾಗಿ ಹೇಳಿದ.