ಬಾಯಾರದ ಗಿಡ

ತೊಂಬತ್ತರ ದಶಕದಲ್ಲಿ ವಸ್ತಾರೆ ಹತ್ತಿರದ ನಮ್ಮ ಕಾಫಿ ತೋಟದಲ್ಲಿ ಒಂದು ಕಟ್ಟಳೆಯಿತ್ತು. ಬೇಸಿಗೆಯ ಮೊದಲ ಮಳೆ, ಅಂದರೆ ಹೂಮಳೆ, ಬೀಳುವವರೆಗೆ ರೊಬಸ್ಟಾ ಜಾತಿಯ ಕಾಫಿ ಗಿಡಗಳಿಗೆ ಯಾರೂ ನೀರು ಹಾಕಬಾರದು. ಮಧ್ಯಾಹ್ನ ಎಲೆಗಳೆಲ್ಲ ಜೋತುಬಿದ್ದರೂ ಅಪ್ಪ "ಬಾಯಾರಲಿ ಬಿಡಿ" ಅನ್ನುತ್ತಿದ್ದರು. ಇದೆಂಥ ಕಟುಕ ಬೇಸಾಯ ಅಂತ ನನಗೆ ಸಿಟ್ಟು ಬರುತ್ತಿತ್ತು. ಅಮ್ಮ ನೋಡಲಾರದೆ ಬಚ್ಚಲ ಪಕ್ಕದ ಒಂದು ಗಿಡಕ್ಕೆ ದಿನಾ ಪಾತ್ರೆ ತೊಳೆದ ನೀರು ಚೆಲ್ಲುತ್ತಿದ್ದಳು. ಅದೊಂದು ಮಾತ್ರ ನಳನಳಿಸುತ್ತಿತ್ತು.

ಹೂಮಳೆ ಬಂತು. ವಾರ ಕಳೆದ ಮೇಲೆ ಒಂದು ಬೆಳಿಗ್ಗೆ ತೋಟವೆಲ್ಲ ಬೆಳ್ಳಗೆ ಅರಳಿ ಘಮಗುಟ್ಟಿತು. ಅಮ್ಮನ ಗಿಡದಲ್ಲಿ ಮಾತ್ರ ಅಲ್ಲೊಂದು ಇಲ್ಲೊಂದು ಹೂ. ಉಳಿದ ಮೊಗ್ಗುಗಳನ್ನು ಉಗುರಿನಿಂದ ಒತ್ತಿ ನೋಡಿದೆ. ಹಸಿರಾಗಿ, ಗಟ್ಟಿಯಾಗಿ ಹಾಗೇ ಕುಳಿತಿದ್ದವು.

ಯಾಕೆ ಅನ್ನುವ ಪ್ರಶ್ನೆ ನನ್ನನ್ನು ಬಿಡಲೇ ಇಲ್ಲ. ಕಾಲೇಜಿಗೆ ಸೇರಿದ ಮೇಲೆ ಸಸ್ಯಶಾಸ್ತ್ರದ ಮೇಷ್ಟ್ರನ್ನು ಕಾಡಿ ಕೇಳಿದೆ. ನೆಲ ಒಣಗಿದಾಗ ಬೇರುಗಳು ಒಂದು ರಾಸಾಯನಿಕದ ಮೂಲಕ ಎಲೆಗಳಿಗೆ ಸುದ್ದಿ ಮುಟ್ಟಿಸುತ್ತವಂತೆ. ಎಲೆಯಡಿಯ ಸಣ್ಣ ರಂಧ್ರಗಳನ್ನು ಕಾಯುವ ಜೀವಕೋಶಗಳು ಆಗ ಬಾಗಿಲು ಮುಚ್ಚಿ, ಇದ್ದ ನೀರನ್ನು ಉಳಿಸಿಕೊಳ್ಳುತ್ತವೆ. ಮೊಗ್ಗು ನಿದ್ದೆಯಲ್ಲೇ ಕಾಯುತ್ತದೆ. ಹಾಗೆ ಚೆನ್ನಾಗಿ ಬಾಯಾರಿದ ಮೊಗ್ಗೇ ಮಳೆ ಬಿದ್ದ ಕೂಡಲೇ ಎಚ್ಚರಾಗುವುದು.

ರಜಕ್ಕೆ ಬಂದಾಗ ಅಮ್ಮನಿಗೆ ಇದನ್ನೆಲ್ಲ ಹೇಳಿದೆ. ಪಾತ್ರೆ ತೊಳೆಯುತ್ತಿದ್ದವಳು ಕೈ ನಿಲ್ಲಿಸಿ ಆ ಗಿಡವನ್ನೇ ನೋಡಿದಳು.

"ಹಾಗಾದ್ರೆ ಮಾರಾಯ್ತಿ, ಪಾಪ, ಇದಕ್ಕೆ ಮಳೆ ಬಂದಿದ್ದೇ ಗೊತ್ತಾಗ್ಲಿಲ್ಲ."