ಕಾರಿನ ಮೂತಿ ನೋಡಿ ಊರು ಹೇಳುವಾಕೆ

ಬೆಳಗಿನ ಆರೂವರೆ. ಹಳೆಯ ಸಿನಿಮಾ ರೀಲುಗಳನ್ನು ಕಾಪಿಡುವ ಭಂಡಾರದ ನೆಲಮಾಳಿಗೆಯಲ್ಲಿ ಒಂದೇ ದೀಪ ಉರಿಯುತ್ತಿದೆ. ಬಿಳಿ ಕೈಗವಸು ತೊಟ್ಟ ಹೆಂಗಸೊಬ್ಬರು ಬೆಳಕಿನ ಮೇಜಿನ ಮೇಲೆ ಫಿಲ್ಮನ್ನು ಅಂಗುಲ ಅಂಗುಲವಾಗಿ ಸರಿಸುತ್ತಿದ್ದಾರೆ. ಭೂತಗನ್ನಡಿಯ ಕೆಳಗೆ ಟೋಪಿ ಹಿಡಿದುಕೊಂಡ ಗಂಡಸರು, ಕೈಬೀಸುವ ಹೆಂಗಸರು ಹಾದುಹೋಗುತ್ತಾರೆ. ಈಕೆಗೆ ಅವರ ಗೊಡವೆಯೇ ಇಲ್ಲ. ಕಣ್ಣೆಲ್ಲ ಅವರ ಹಿಂದೆ ಅರ್ಧ ಮರೆಯಾಗಿ ನಿಂತ ಕಾರಿನ ಮೇಲೆ.

"ಲ್ಯಾಂಪು ಹಿತ್ತಾಳೇದು. ಚಕ್ರದ ಕಡ್ಡಿ ಮರದ್ದು, ಹನ್ನೆರಡು. ಬಾಗಿಲು ಹಿಂದ್ಗಡೆ ಮಾತ್ರ," ಎಂದು ತಮ್ಮಷ್ಟಕ್ಕೆ ಹೇಳಿಕೊಂಡು ನೋಟ್ ಪುಸ್ತಕದಲ್ಲಿ ಗೀಚುತ್ತಾರೆ. ಹತ್ತೇ ನಿಮಿಷ. ಆ ಕಾರು ಯಾವ ದೇಶದ ಯಾವ ಕಾರ್ಖಾನೆಯಲ್ಲಿ ಹುಟ್ಟಿತು, ಹೆಚ್ಚುಕಡಿಮೆ ಯಾವ ವರ್ಷದ್ದು ಎಂಬುದು ಚೀಟಿಯ ಮೇಲೆ ಬಂದಿರುತ್ತದೆ.

ಭಂಡಾರದಲ್ಲಿ ಎಲ್ಲರ ಬಾಯಲ್ಲೂ ಇವರು 'ಗಾಲಿಯಕ್ಕ'. ಕಚೇರಿಯ ಕಡತದಲ್ಲಿ ಇವರ ಹುದ್ದೆ 'ರೀಲು ಒರೆಸುವ ಸಹಾಯಕಿ'. ದಿನಕ್ಕೆ ಎಂಟು ರೀಲು ಬಿಚ್ಚಿ, ಧೂಳು ಒರೆಸಿ, ಹರಿದಲ್ಲಿ ಅಂಟಿಸಿ, ಮತ್ತೆ ಸುತ್ತಿಡುವುದು ಮೂವತ್ತೊಂದು ವರ್ಷಗಳ ಕೆಲಸ. ಕಾರುಗಳ ಗುರುತು ಹಿಡಿಯುವುದು ಯಾರೂ ಹೇಳದೆ ಮೈಮೇಲೆ ಎಳೆದುಕೊಂಡದ್ದು. ಇದುವರೆಗೆ ಇಪ್ಪತ್ತಾರು ನೋಟ್ ಪುಸ್ತಕ, ಒಂಬೈನೂರಕ್ಕೂ ಹೆಚ್ಚು ಕಾರು. ತಮಾಷೆಯೆಂದರೆ ಇವರಿಗೆ ಕಾರಿರಲಿ, ಸೈಕಲ್ಲೂ ಬರುವುದಿಲ್ಲ.

ವಿದ್ಯೆ ಬಂದದ್ದು ಮಾವನಿಂದ. ಗ್ಯಾರೇಜಿನಲ್ಲಿ ಆಯುಷ್ಯ ಸವೆಸಿದ ಅವರು, ಈಕೆ ಮದುವೆಯಾಗಿ ಬಂದ ಹೊಸದರಲ್ಲಿ ಮಗ-ಸೊಸೆಯನ್ನು ಹಳೆಯ ಸಿನಿಮಾಗಳಿಗೆ ಕರೆದೊಯ್ಯುತ್ತಿದ್ದರು. "ಹೊರಗೆ ಬಂದ್ಮೇಲೆ ಹೀರೊ ಯಾರು ಮಾವ ಅಂದ್ರೆ ಗೊತ್ತಿಲ್ಲ ಅನ್ನೋರು. ಅವನು ಹತ್ತಿದ ಕಾರು ಯಾವ್ದು ಅಂದ್ರೆ ಅದರ ಜಾತಕಾನೇ ಬಿಚ್ಚೋರು. ಮನುಷ್ಯರ ಮುಖ ನೆನಪಿಟ್ಕೊಳ್ಳೋ ಹಾಗೆ ಕಾರಿನ ಮೂತಿ ನೆನಪಿಟ್ಕೋ ತಾಯಿ ಅಂತಿದ್ರು."

ಎಡವಿದ್ದೂ ಇದೆ. "ಒಂದ್ಸಲ, ಶೂಟಿಂಗಿಗೆ ಅಂತ ಹಳೇ ವೇಷ ಹಾಕಿಸಿದ ಕಾರನ್ನ ಅಸಲಿ ಅಂದ್ಬಿಟ್ಟೆ. ಇಡೀ ಕಚೇರಿ ನಕ್ತು." ಆಮೇಲೆ ಹಲವು ವರ್ಷ ಮೇಲಿನವರು ಇವರ ಚೀಟಿಗಳನ್ನು ಓದುವುದನ್ನೇ ಬಿಟ್ಟಿದ್ದರು. ಇವರು ಬರೆಯುವುದನ್ನು ಬಿಡಲಿಲ್ಲ.

ಹಾಗಿರುವಾಗ ಕಳೆದ ವರ್ಷ ಆ ರೀಲು ಬಂತು. ಹೆಸರಿಲ್ಲ, ಅಕ್ಷರವಿಲ್ಲ, ಮಾತಿಲ್ಲ. ನಾಲ್ಕು ನಿಮಿಷದ ಬೀದಿ, ಒಂದು ಪಕ್ಕ ಸೇತುವೆ, ಇನ್ನೊಂದು ಪಕ್ಕ ಇಳಿಜಾರು, ನಡುವೆ ಒಂದು ಕಾರು. ಡಬ್ಬಿಯ ಮೇಲೆ 'ಹೊರದೇಶದ್ದು' ಎಂಬ ಚೀಟಿ. ಭಂಡಾರ ಹೊಸ ಪ್ರತಿ ತೆಗೆಸುವುದು ಸ್ವಂತ ನಾಡಿನ ರೀಲುಗಳಿಗೆ ಮಾತ್ರ. ಇದೋ, ಆಗಲೇ ಅಂಚಿನಲ್ಲಿ ಅಂಟಂಟಾಗಿ ಕರಗತೊಡಗಿತ್ತು. ಪ್ರತಿ ತೆಗೆಸುವ ಪಟ್ಟಿಗೆ ಹೆಸರು ಸೇರಿಸಲು ಉಳಿದದ್ದು ಎರಡೇ ದಿನ.

ಆದರೆ ಕಾರು ಯಾವ ದೇಶಕ್ಕೂ ಒಗ್ಗಲಿಲ್ಲ. ಮೂತಿ ಸರಿ, ಚಕ್ರ ಸರಿ. ಬ್ರೇಕಿನ ಹಿಡಿ ಮಾತ್ರ ಇರಬೇಕಾದ ಪಕ್ಕದಲ್ಲಿಲ್ಲ. ಎರಡನೆಯ ದಿನ ಬೆಳಿಗ್ಗೆ, ಎಷ್ಟನೆಯದೋ ಸಲ ನೋಡುವಾಗ, ಕಣ್ಣು ಡ್ರೈವರನ ಕೈಗೆ ಹೋಯಿತು. ಆ ಕಾಲದ ಕಾರಿಗೆ ಮುಂದುಗಡೆ ಹ್ಯಾಂಡಲ್ ಸಿಕ್ಕಿಸಿ ತಿರುಗಿಸಿದರೇ ಎಂಜಿನ್ನಿಗೆ ಜೀವ. ಎದುರು ನಿಂತು ನೋಡಿದರೆ ಅದು ಗಡಿಯಾರದ ಮುಳ್ಳಿನಂತೆ ಸುತ್ತಬೇಕು. ಇಲ್ಲಿ ತದ್ವಿರುದ್ಧ.

ಗಾಲಿಯಕ್ಕ ಮೆಟ್ಟಿಲು ಹತ್ತಿ ನೇರ ಮುಖ್ಯಸ್ಥರ ಕೋಣೆಗೆ ಹೋದರು. "ಸರ್, ಹಿಂದೆ ಯಾವಾಗ್ಲೋ ಪ್ರತಿ ತೆಗೆಯೋವಾಗ ಫಿಲ್ಮನ್ನ ಮಗುಚಿ ಹಾಕಿದ್ದಾರೆ. ಎಡ ಬಲ ಅದಲುಬದಲಾಗಿದೆ."

"ಡ್ರೈವರ್ ಎಡಚ ಇರಬಹುದು, ಅಕ್ಕ."

"ಎಡಚ ಆದ್ರೂ ಎಂಜಿನ್ ಹಿಂದಕ್ಕೆ ತಿರುಗಲ್ಲ, ಸರ್."

ಮುಖ್ಯಸ್ಥರು ಕೆಳಗಿಳಿದು ಬಂದರು. ಗಾಲಿಯಕ್ಕ ಫಿಲ್ಮನ್ನು ಮಗುಚಿ ಇಟ್ಟರು. ಬ್ರೇಕಿನ ಹಿಡಿ ತನ್ನ ಜಾಗಕ್ಕೆ ಬಂದು ಕೂತಿತು. ಒಂಬತ್ತನೆಯ ಪುಸ್ತಕದಲ್ಲಿ ಹಳೆಯ ಜಾಹೀರಾತೊಂದರಿಂದ ಬರೆದುಕೊಂಡ ಕಾರು ಇದೇ. "ಎಂಜಿನ್ ಹಡಗಲ್ಲಿ ಬಂದಿದ್ದು, ಸರ್. ಮೈ ಕಟ್ಟಿದ್ದು ನಮ್ಮೂರಿನ ಸಾರೋಟು ಮಾಡೋರು. ಬಾಗಿಲಿನ ಬಾಗು ನೋಡಿ."

ಮುಖ್ಯಸ್ಥರು ಬಾಗಿಲು ನೋಡುತ್ತಿರಲಿಲ್ಲ. ಸೇತುವೆ ಬಲಕ್ಕೆ ಬಂದಿತ್ತು, ಇಳಿಜಾರು ಎಡಕ್ಕೆ. ಕನ್ನಡಕ ತೆಗೆದು ಒರೆಸಿ, ಮತ್ತೆ ಹಾಕಿಕೊಂಡರು. "ನಾನು ದಿನಾ ನಡ್ಕೊಂಡು ಬರೋ ಬೀದಿ ಇದು," ಎಂದರು, ಸಣ್ಣ ದನಿಯಲ್ಲಿ.

ಅದೇ ದಿನ ರೀಲು ಪ್ರತಿ ತೆಗೆಸುವ ಪಟ್ಟಿ ಸೇರಿತು. ಇಂದು ಅದು ಆ ಊರಿನ ಅತ್ಯಂತ ಹಳೆಯ ಚಲಿಸುವ ಚಿತ್ರ. ಮೊದಲ ಪ್ರದರ್ಶನಕ್ಕೆ ಸಭಾಂಗಣ ತುಂಬಿತ್ತು. ನಾಲ್ಕು ನಿಮಿಷ ಯಾರೂ ಕೆಮ್ಮಲಿಲ್ಲ. ನೂರು ವರ್ಷದ ಹಿಂದಿನವರು ತಮ್ಮದೇ ಬೀದಿಯಲ್ಲಿ ನಡೆದುಬರುವುದನ್ನು ಕಂಡು ಮುದುಕರೊಬ್ಬರು ಎದ್ದು ನಿಂತರಂತೆ. ಈಗ ಯಾವ ರೀಲು ಬಂದರೂ ಮುಖ್ಯಸ್ಥರ ಮೊದಲ ಪ್ರಶ್ನೆ: "ಅಕ್ಕ ನೋಡಿದ್ರಾ?"

ನಿವೃತ್ತಿಗೆ ಇನ್ನು ಎಂಟು ತಿಂಗಳು. ಆಸೆ ಏನಾದರೂ ಉಳಿದಿದೆಯೇ ಎಂದು ಕೇಳಿದರೆ, ಗಾಲಿಯಕ್ಕ ಕೈಗವಸು ಕಳಚಿ ನೋಟ್ ಪುಸ್ತಕದ ಮೇಲಿಡುತ್ತಾರೆ.

"ಇಷ್ಟೊಂದು ಕಾರು ನೋಡಿದೀನಿ, ಒಂದೂ ಮಾತಾಡಿಲ್ಲ. ಎಲ್ಲಾ ಮೂಕಿ ಕಾಲದ್ದು. ಯಾರ ಮನೇಲಾದ್ರೂ ಅಂಥದ್ದೊಂದು ಇನ್ನೂ ಬದುಕಿದ್ರೆ, ಸ್ಟಾರ್ಟ್ ಮಾಡೋವಾಗ ಪಕ್ಕದಲ್ಲಿ ನಿಂತು ಸದ್ದು ಕೇಳ್ಬೇಕು," ಎನ್ನುತ್ತಾರೆ. "ಹತ್ತಿ ಕೂರೋದೇನೂ ಬೇಡ."