ಮುಚ್ಚಿಟ್ಟ ಪ್ಲೇಟು

ಒರಳಿನಲ್ಲಿ ಗುಂಡುಕಲ್ಲು ತಿರುಗುವ ಗುರ್ ಗುರ್ ಸದ್ದು ಈಗಲೂ ಕಿವಿಯಲ್ಲಿದೆ — ಗುಬ್ಬಿ ತಾಲ್ಲೂಕಿನ ಕಡಬದಲ್ಲಿ ಶಿವಮ್ಮ ಲಕ್ಕಿ ಸೊಪ್ಪು ಅರೆಯುತ್ತಿದ್ದ ಸದ್ದು. ಆ ರಸ ಅವಳ ಮೀನುಗಳನ್ನು ಉಳಿಸುತ್ತದೆ ಎಂದವಳು ನಾನು. ಹಾಗೆನ್ನಲು ನನ್ನ ಹತ್ತಿರ ಪುರಾವೆಯೇ ಇಲ್ಲ ಎಂದು ಗೊತ್ತಾದ ಮೇಲೂ ಸುಮ್ಮನಿದ್ದೆ. ಮೀನು ಸತ್ತಾಗ ತಪ್ಪನ್ನು ಅವಳ ತಲೆಗೆ ಕಟ್ಟಿದೆ.

ಬರೆದುಬಿಟ್ಟೆ. ಎದ್ದು ಹೋಗಿ ವರಾಂಡದಲ್ಲಿ ನಾಲ್ಕು ಸುತ್ತು ಹಾಕಿ ಬಂದು ಮತ್ತೆ ಕೂತಿದ್ದೇನೆ. ನಾನು ಓದಿದ ಕಾನ್ವೆಂಟಿನಲ್ಲಿ ಕ್ರಿಶ್ಚಿಯನ್ ಹುಡುಗಿಯರು ಕನ್ಫೆಷನ್‌ಗೆ ಕ್ಯೂ ನಿಲ್ಲುತ್ತಿದ್ದರು. ಹೊರಬರುವಾಗ ಅವರ ಮುಖ ಎಷ್ಟು ಹಗುರ! ನಮ್ಮಂಥವರಿಗೆ ಆ ಕ್ಯೂ ಇರಲಿಲ್ಲ.

ಆರು ವರ್ಷದ ಹಿಂದಿನ ಮಾತು. ತುಮಕೂರಿನ ಕಾಲೇಜೊಂದರಲ್ಲಿ ಮೈಕ್ರೋಬಯಾಲಜಿ ಹೇಳಿಕೊಡುತ್ತಿದ್ದೆ, ರಿಟೈರ್‌ಮೆಂಟ್ ಹತ್ತಿರವಿತ್ತು. ಸಾಕುಮೀನಿಗೆ ಹುಣ್ಣು ತರುವ ಬ್ಯಾಕ್ಟೀರಿಯಾವನ್ನು ಗಿಡದ ರಸದಿಂದ ಕೊಲ್ಲಬಹುದೇ ಎಂಬುದು ನನ್ನ ಕೊನೆಯ ಪೇಪರ್. ಲಕ್ಕಿ ಸೊಪ್ಪನ್ನು ಸ್ಪಿರಿಟ್‌ನಲ್ಲಿ ನೆನೆಸಿ, ಆ ರಸದಲ್ಲಿ ಅದ್ದಿದ ಕಾಗದದ ಬಿಲ್ಲೆಯನ್ನು ಬ್ಯಾಕ್ಟೀರಿಯಾ ಸವರಿದ ಗಾಜಿನ ಪ್ಲೇಟಿನ ಮೇಲಿಟ್ಟೆ. ಮರುದಿನ ಬಿಲ್ಲೆಯ ಸುತ್ತ ಒಂದು ತಿಳಿಯಾದ ಉಂಗುರ — ಅಲ್ಲಿ ಒಂದೂ ಬ್ಯಾಕ್ಟೀರಿಯಾ ಬದುಕಿರಲಿಲ್ಲ. ಸೋ ಬ್ಯೂಟಿಫುಲ್.

ಅದೇ ವಾರ ಶಿವಮ್ಮ ತನ್ನ ಹೊಂಡದ ಹುಣ್ಣು ಬಿದ್ದ ಕಾಟ್ಲಾ ಮೀನನ್ನು ಬಕೆಟ್ಟಿನಲ್ಲಿ ಹಾಕಿಕೊಂಡು ನಮ್ಮ ಲ್ಯಾಬಿಗೆ ಬಂದಳು. ಮೀನುಗಾರಿಕೆ ಆಫೀಸಿನಲ್ಲಿ ಔಷಧಿ ಬರೆಸಿಕೊಂಡ ಚೀಟಿ ಅವಳ ಸೊಂಟದಲ್ಲಿತ್ತು. ಆ್ಯಂಟಿಬಯಾಟಿಕ್ ಯಾಕೆ, ನ್ಯಾಚುರಲ್ ಆಗಿ ಮಾಡೋಣ ಎಂದು ನಾನೇ ತಡೆದೆ. ಸೊಪ್ಪನ್ನು ನೀರು ಹಾಕಿ ಅರೆದು ತೌಡಿಗೆ ಕಲಸಿ ಹಾಕು ಎಂದು ಹೇಳಿ, ಲ್ಯಾಬಿನ ಅಳತೆ ಜಾಡಿಯೊಂದನ್ನೂ ಕೊಟ್ಟೆ. ಅವಳು ಅರೆಯುವುದನ್ನು ನೋಡಲು ಕಡಬಕ್ಕೂ ಹೋದೆ. “ನಮ್ಮನೇವ್ರು ಜ್ವರ ಬಂದು ಮಲಗಿದಾಗ್ಲೂ ಇಷ್ಟು ಮುತುವರ್ಜಿ ಮಾಡಿಲ್ಲ ಕಣ್ ಮೇಡಮ್ಮೋರೆ,” ಎಂದು ನಕ್ಕಳು.

ಆಮೇಲೆ ಲ್ಯಾಬಿಗೆ ಮರಳಿ — ಮೊದಲ ದಿನವೇ ಮಾಡಬೇಕಿದ್ದ ಕೆಲಸ ಮಾಡಿದೆ. ಸೊಪ್ಪಿನ ರಸವಿಲ್ಲದೆ ಬರೀ ಸ್ಪಿರಿಟ್ ಅದ್ದಿದ ಬಿಲ್ಲೆ ಇಟ್ಟೆ. ಅದೇ ಉಂಗುರ. ಅಷ್ಟೇ ಅಗಲ. ಬಿಲ್ಲೆ ಒಣಗಿಸದೆ ಇಟ್ಟಿದ್ದೆ, ಕೊಂದದ್ದು ಸ್ಪಿರಿಟ್! ಇದೇ ತಪ್ಪಿಗೆ ಎಷ್ಟು ಸ್ಟೂಡೆಂಟ್‌ಗಳ ಮಾರ್ಕ್ಸ್ ಕಟ್ ಮಾಡಿದ್ದೆನೋ. ಮುಂದಿನ ವಾರವೇ ಆ ಪೇಪರ್ ಓದಬೇಕಿದ್ದ ಸೆಮಿನಾರ್. ಸೊಪ್ಪಿನಲ್ಲೂ ಏನಾದರೂ ಗುಣ ಇದ್ದೀತು, ಹೂ ನೋಸ್ — ಅಂದುಕೊಂಡು ಆ ಪ್ಲೇಟನ್ನು ಪೇಪರಿನಲ್ಲಿ ಸುತ್ತಿ ಮುಚ್ಚಿಟ್ಟೆ. ಕಡಬಕ್ಕೆ ಒಂದು ಫೋನ್ ಮಾಡಿದ್ದರೆ ಸಾಕಿತ್ತು. ಆ ಚೀಟಿ ಇನ್ನೂ ಅವಳ ಹತ್ತಿರವೇ ಇತ್ತು.

ಸೆಮಿನಾರ್‌ನಲ್ಲಿ ಚಪ್ಪಾಳೆ ಬಿತ್ತು. ಎರಡು ದಿನಕ್ಕೆ ಹೊಂಡದ ತುಂಬ ಮೀನು ಬೆಳ್ಳಗೆ ತೇಲಿದವು. ನಾನು ಹೋದಾಗ ಅವಳು ದಡದಲ್ಲಿ ಕೂತಿದ್ದಳು. ನಿಜ ಹೇಳಬೇಕೆಂದೇ ಹೋಗಿದ್ದೆ, ನಂಬಿ. ಬಾಯಿಂದ ಬಂದದ್ದು ಬೇರೆ.

“ಅಳತೆ ಸರಿಯಾಗಿ ಹಾಕಿದ್ಯಾ ಶಿವಮ್ಮ?”

ಅವಳ ಗಂಡ ಹಿಂದಿನಿಂದ, “ಸಾರಿಗೆ ಉಪ್ಪೇ ನೆಟ್ಟಗೆ ಹಾಕಕ್ಕೆ ಬರಲ್ಲ, ಇವ್ಳಿಗೆಲ್ಲಿ ಅಳ್ತೆ,” ಎಂದ. ಶಿವಮ್ಮ ಜಾಡಿಯ ಗೆರೆಗಳನ್ನೇ ನೋಡುತ್ತಿದ್ದಳು.

“ನನ್ ಕೈಲೇ ಎಲ್ಲೋ ಹೆಚ್ಚುಕಮ್ಮಿ ಆಗೈತೆ ಬುಡಿ. ನೀವು ಓದಿದೋರು.”

ನಾನು ತಲೆಯಾಡಿಸಿದೆ. ಅಷ್ಟೇ — ತಲೆಯಾಡಿಸಿದೆ.

ನಾಳೆ ಕಡಬದ ಬಸ್ಸು ಹತ್ತುತ್ತೇನೆ. ಹೀಗೆ ಎಷ್ಟು ನಾಳೆಗಳು ಹೋದವೋ... ಅದಕ್ಕೇ ಮೊದಲು ನಿಮ್ಮೆದುರು ಬರೆಯುತ್ತಿದ್ದೇನೆ, ಹಿಂದೆ ಸರಿಯಲು ಆಗದಿರಲಿ ಎಂದು.

ಅವಳನ್ನು ಕೊನೆಯ ಸಲ ನೋಡಿದ್ದು ಮರುವರ್ಷ, ಗುಬ್ಬಿ ಬಸ್‌ಸ್ಟ್ಯಾಂಡಿನಲ್ಲಿ. ಹೊಸದಾಗಿ ಮೀನುಮರಿ ಬಿಟ್ಟಿದ್ದಳಂತೆ. ಕಂಕುಳಲ್ಲಿ ಲಕ್ಕಿ ಸೊಪ್ಪಿನ ಕಟ್ಟು. ಬಸ್ಸು ಹತ್ತಿ ಕಿಟಕಿ ಪಕ್ಕ ಕೂತು, ಬ್ಯಾಗಿನಿಂದ ಬಟ್ಟೆ ಸುತ್ತಿದ ಜಾಡಿ ತೆಗೆದು ನನಗೆ ತೋರಿಸಿದಳು. ಮಾಸಿದ ಗೆರೆಗಳ ಮೇಲೆ ಕೆಂಪು ನೇಲ್‌ಪಾಲಿಶ್‌ನಲ್ಲಿ ತಾನೇ ಗುರುತು ಹಾಕಿಕೊಂಡಿದ್ದಳು.

“ಈ ಸಲ ಅಳ್ತೆ ತಪ್ಪಲ್ಲ ಮೇಡಮ್ಮೋರೆ,” ಎಂದಳು. ಬಸ್ಸು ಹೊರಟಿತು. ನಾನು ಕೈ ಬೀಸಿದೆ.